ಸೋರುವ ಜಾಗ

ಎಫಿಹೇನಿಯಾ ಗೋಡೆಗೆ ಕಿವಿಯಿಟ್ಟು
ಬೆರಳ ಗೆಣ್ಣಿನಿಂದ ತಟ್ಟುತ್ತಾಳೆ.
ಡೊಬ್ಬೆಂದರೆ ಒಳಗೆ ಪೊಳ್ಳು; ಅಲ್ಲೊಂದು ಸೀಮೆಸುಣ್ಣದ ಗೆರೆ.

ಸಾಂಟಾ ಫೇಯ ಹಳೇ ಕಚೇರಿ. ಬೆಂಕಿ ಕಾಣದ ಇಟ್ಟಿಗೆ,
ಬಿಸಿಲೇ ಬೇಯಿಸಿದ್ದು.
ಸ್ಪೇನಿನ ದೊರೆ ಇತ್ತ ತಲೆಹಾಕಲಿಲ್ಲ;
ಅವನ ಮೊಹರು ಹೇಸರಗತ್ತೆಯ ಬೆನ್ನೇರಿ
ತಿಂಗಳುಗಟ್ಟಲೆ ನಡೆದು ಬರುವಷ್ಟರಲ್ಲಿ
ಅಪ್ಪಣೆ ಹಳಸಿರುತ್ತಿತ್ತು.

ಮಣ್ಣು ತುಳಿದವರು ಪ್ಯೂಬ್ಲೋ ಜನ.
ಒಂದು ಆಗಸ್ಟಿನಲ್ಲಿ ಅವರೇ ಕಾಲುವೆ ಕಡಿದರು,
ಗವರ್ನರನ ನಾಲಿಗೆ ಒಣಗಿಸಿ ಊರು ಬಿಡಿಸಿದರು,
ಕಿಟಕಿಗಳಿಗೆ ಮಣ್ಣು ಮೆತ್ತಿ
ದರ್ಬಾರಿನಲ್ಲಿ ಮುಸುಕಿನ ಜೋಳ ತುಂಬಿದರು.
ಹನ್ನೆರಡು ವರ್ಷ.

ಮತ್ತೆ ಸ್ಪೇನು. ಮೆಕ್ಸಿಕೋ. ನಕ್ಷತ್ರಗಳು.
ಬಾವುಟ ಬದಲಾದಾಗೆಲ್ಲ ಗೋಡೆಗೆ ಹೊಸ ಬಣ್ಣ;
ಸೋರುವ ಜಾಗ ಮಾತ್ರ ಅದೇ.

ಪೊಳ್ಳು ಕೆರೆದರೆ ಹುಲ್ಲು, ಒಂದು ಕಾಳು,
ಹಸಿ ಇಟ್ಟಿಗೆಯ ಮೇಲೆ ಓಡಿಹೋದ
ಯಾವುದೋ ಮಗುವಿನ ಹಿಮ್ಮಡಿ.
ಬೈಸಿಕೊಂಡಿತ್ತೋ ಏನೋ.

‘ಸಿಮೆಂಟು ಬಡಿದುಬಿಡು, ನೂರು ವರ್ಷ ನಿಶ್ಚಿಂತೆ’
ಎನ್ನುತ್ತಾನೆ ಹಾದುಹೋಗುವವನು.
‘ಉಸಿರು ಕಟ್ಟುತ್ತೆ’ ಎನ್ನುತ್ತಾಳೆ, ತಿರುಗಿ ನೋಡದೆ.

ನಿನ್ನವರು ಯಾರು, ತುಳಿದವರೋ, ತುಳಿಸಿದವರೋ?
‘ಅಜ್ಜಿ ಒಬ್ಬಳಲ್ಲವಲ್ಲ’ ಎಂದು
ಬಕೆಟ್ಟಿಗೆ ನೀರು ಸುರಿದು,
ಚಪ್ಪಲಿ ಬಿಡುತ್ತಾಳೆ.