ತೂಕದ ಚೀಟಿ

ಕಾರಟಗಿಯ ವೇ ಬ್ರಿಜ್ಜಿನ ಕಿಟಕಿಯಲ್ಲಿ ಕೂತು
ಹದಿನಾಲ್ಕು ವರ್ಷ ಲಾರಿ ತೂಗಿದ್ದೇನೆ.
ತುಂಬಿದ ಲಾರಿಯಲ್ಲಿ ಖಾಲಿ ಲಾರಿ ಕಳೆದರೆ
ಉಳಿದದ್ದು ಮಾಲು. ಇಷ್ಟೇ ನನ್ನ ವಿದ್ಯೆ.
ತಲೆ ಎತ್ತದೆ, ಸದ್ದಿನಲ್ಲೇ ಹೇಳಬಲ್ಲೆ
ಸೋನಾಮಸೂರಿಯೋ, ತೌಡೋ, ಬರೀ ಹೊಟ್ಟೋ.
ಡ್ರೈವರುಗಳ ಸುಳ್ಳೂ ಗೊತ್ತು:
"ಇಲ್ಲೇ ಅಕ್ಕಾ, ಮರಳಿ ದಾಟೀನಿ" ಅಂದವನು
ಇನ್ನೂ ಗಂಗಾವತಿಯಲ್ಲಿ ಚಾ ಊದುತ್ತಿರುತ್ತಾನೆ.

ಆದರೂ ನಾಗಪುರದ ಸಾಗಣೆಯವನನ್ನು ನಂಬಿದೆ:
"ನಾಲ್ಕೇ ದಿನ, ಮೇಡಂ. ಪಕ್ಕಾ."

ಕಾರು ನೋಡಿದ್ದು ಫೋನಿನಲ್ಲಿ, ಆರು ನಿಮಿಷ.
ಬೆಳ್ಳಿ ಬಣ್ಣ. ಕಾಲಿಗೆ ಕೆಲಸವೇ ಇಲ್ಲದ ಗಾಡಿ,
ಓಟವೂ ತಡೆಯೂ ಒಂದೇ ಹಿಡಿಕೆಯಲ್ಲಿ, ಎಡಗೈಗೆ.
ಮೂರು ವರ್ಷಕ್ಕೇ ಬೆಳೆಯುವುದು ಬಿಟ್ಟ ನನ್ನ ಬಲಗಾಲು
ಮೊದಲ ಸಲ ಯಾವುದಕ್ಕೂ ಅಡ್ಡಿಯಾಗಲಿಲ್ಲ.
ಮಾರಿದವರು ದೇಶ್‌ಕರ್. ಮೆತ್ತಗಿನ ದನಿ.
"ನಮ್ಮಾಕೆಯದು" ಅಂದರು. ಅಲ್ಲಿಗೇ ನಿಲ್ಲಿಸಿದರು.
ನಾನೂ ಮುಂದೆ ಕೇಳಲಿಲ್ಲ.
ಚೀಟಿ ಎತ್ತಿದ ದುಡ್ಡು, ಮೂರು ಗಾಲಿಯ ಸ್ಕೂಟಿ ಮಾರಿದ ದುಡ್ಡು
ಒಂದೇ ಮಧ್ಯಾಹ್ನ, ಹೆಬ್ಬೆರಳಿನ ಒಂದು ಒತ್ತಿಗೆ
ತೂಗದೇ ಹೋಯಿತು.

ಐದನೇ ದಿನ ನಕಾಶೆಯ ನೀಲಿ ಚುಕ್ಕೆ
ಸೊಲ್ಲಾಪುರಕ್ಕೆ ಬಂದು ನಿಂತಿತು.
ಆರು. ಅಲ್ಲೇ.
ಏಳು. ಅಲ್ಲೇ.
ಫೋನು ಮಾಡಿದರೆ ಒಬ್ಬಳು ಮೊದಲು ಮರಾಠಿಯಲ್ಲಿ,
ಆಮೇಲೆ ಹಿಂದಿಯಲ್ಲಿ, ಬಂದ್ ಆಗಿದೆ ಎನ್ನುತ್ತಾಳೆ.
ಅವಳ ಮರಾಠಿ ನನಗೆ ಬಾಯಿಪಾಠವಾಯಿತು.

ಗುಮಾಸ್ತ ಪಂಪಣ್ಣ ದಿನಕ್ಕೊಂದು ಕಥೆ ತರುತ್ತಿದ್ದ:
ಸಿರುಗುಪ್ಪದಾಗ ಒಬ್ಬಗ ಇಂಜಿನ್ನೇ ಇಲ್ಲದ ಗಾಡಿ ಬಂತಂತ,
ಮಾನ್ವಿಯವಗ ಬರೀ ಕೀಲಿಕೈ.
ಅವ್ವ ಅಂದದ್ದು ಒಂದೇ ಮಾತು, ಅಕ್ಕಿ ಆರಿಸುತ್ತಾ:
"ನೀರಾಗಿನ ಎಮ್ಮಿ ವ್ಯಾಪಾರ ಮಾಡಿದಿ."
ರಾತ್ರಿ ಸೊಲ್ಲಾಪುರದ ಹವಾಮಾನ ನೋಡುತ್ತಿದ್ದೆ,
ನಾನೆಂದೂ ಕಾಣದ ಊರು;
ಅಲ್ಲಿ ಆಲಿಕಲ್ಲು ಬಿದ್ದರೆ ಇಲ್ಲಿ ನನ್ನ ಹಲ್ಲು ಕಟಕಟ.

ಎಂಟನೇ ದಿನ ಒಂದು ಲಾರಿಯ ಖಾಲಿ ತೂಕ
ಇನ್ನೊಂದರ ಚೀಟಿಗೆ ಬರೆದೆ.
ನಲವತ್ತು ಚೀಲ ಭತ್ತ ಗಾಳಿಯಲ್ಲಿ ಮಾಯ.
ಮಾಲಕ ಚೀರಿದ: "ಎಲ್ಲೈತಿ ನಿನ್ನ ಲಕ್ಷ್ಯ?"
"ಸೊಲ್ಲಾಪುರದಾಗ್ರೀ" ಅಂದುಬಿಟ್ಟೆ.
ಹಮಾಲರು ನಕ್ಕರು. ಶೇಕ್ಷಾವಲಿ ಮಾತ್ರ ನಗಲಿಲ್ಲ,
ಚೀಲದ ಕೊಕ್ಕೆ ಕೆಳಗಿಟ್ಟು ನೀರು ತಂದುಕೊಟ್ಟ.

ದಿನಾ ರಾತ್ರಿ ಒಂಬತ್ತಕ್ಕೆ ದೇಶ್‌ಕರ್ ಫೋನು:
"ಪಹುಂಚೀ ಕ್ಯಾ?"
ದುಡ್ಡು ಮುಟ್ಟಿದ ಮನುಷ್ಯನಿಗೆ ಇನ್ನೇನು ಚಿಂತೆ?
ಒಂಬತ್ತನೇ ರಾತ್ರಿ ಇಬ್ಬರ ಬಳಿಯೂ ಮಾತಿರಲಿಲ್ಲ.
ಅವರ ಮನೆಯ ಟಿವಿ ನಾನು ಕೇಳಿದೆ,
ನಮ್ಮ ಮಿಕ್ಸಿ ಅವರು ಕೇಳಿದರು.
ಹಾಗೇ ಸ್ವಲ್ಪ ಹೊತ್ತು.

ಹನ್ನೊಂದನೇ ದಿನ ಕುಷ್ಟಗಿಯಿಂದ ಯಾರೋ:
"ದೊಡ್ಡ ಗಾಡಿ ಹೊಳ್ಳಿ ಬರಂಗಿಲ್ರೀ,
ಸಣ್ಣ ಲಾರಿಗೆ ಏರ್ಸೀವಿ. ಎರಡು ಸಾವಿರ ಜಾಸ್ತಿ."
ಬದುಕಿದೆ ಎಂದು ಕೂಗಬೇಕೆನ್ನಿಸಿತು.
ಕೂಗಲಿಲ್ಲ. ಚೌಕಾಶಿಗೆ ಇಳಿದೆ.
ಹದಿನೈದು ನೂರಕ್ಕೆ ಮುಗಿಸುವಾಗ
ಕುರ್ಚಿಯ ಕೈ ಹಿಡಿದುಕೊಂಡಿದ್ದೆ.

ತಾವರಗೇರಿ, ಕನಕಗಿರಿ, ಆಮೇಲೆ ನಮ್ಮ ಗೇಟು.
ಬೆಳ್ಳಿ ಬಣ್ಣ ಹೋಗಿ ದಾರಿಯ ಬಣ್ಣ.
ಒಂದು ಗಾಲಿಯ ಮುಚ್ಚಳವಿಲ್ಲ,
ಎಡಬಾಗಿಲಿಗೆ ಮೊಳದುದ್ದ ಗೀರು.
ಮುಂದಿನ ಸೀಟು ಹಿಂದಕ್ಕೆ ಮಲಗಿತ್ತು,
ಯಾರೋ ಅದರಲ್ಲಿ ರಾತ್ರಿಗಳನ್ನು ಕಳೆದಿದ್ದ,
ಬಡೇಸೋಪಿನ ಕಾಳು ಚೆಲ್ಲಿದ್ದ.
ಬಾಗಿಲ ತನಕ ಹತ್ತಿಸಿದರು ನನ್ನನ್ನು.
ಹಿಡಿಕೆಯ ಕರಿಬಣ್ಣ ಒಂದು ಹೆಬ್ಬೆರಳಿನಷ್ಟು ಸವೆದಿತ್ತು.
ನನ್ನದನ್ನು ಇಟ್ಟು ನೋಡಿದೆ. ಕೂಡಲಿಲ್ಲ.
ಆಕೆಯ ಕೈ ಸಣ್ಣದು.

"ಇಳಿಸ್ಲಾ ಅಕ್ಕಾ?"
"ನಿಲ್ಲು. ಮೊದ್ಲು ತೂಕ."
"ಕಾರಿಗೆ ಎಂಥಾ ತೂಕಬೇ?"
ನಾನು ಆಗಲೇ ಕಿಟಕಿಯಲ್ಲಿ ಕೂತಿದ್ದೆ.

ಕಾರು ಸಮೇತ ಒಮ್ಮೆ. ಇಳಿಸಿದ ಮೇಲೆ ಒಮ್ಮೆ.
ಕಳೆದು ಉಳಿದದ್ದು ಎಂಟುನೂರ ಮೂವತ್ತು ಕೆಜಿ.
ಬರೀ ಅಷ್ಟೇನಾ, ಅನ್ನಿಸಿತು.
ಅರವತ್ತು ರೂಪಾಯಿ ನನ್ನ ಚೀಲದಿಂದ ತೆಗೆದು
ಗಲ್ಲೆಗೆ ಹಾಕಿದೆ.
ಚೀಟಿಯ ಫೋಟೋ ನಾಗಪುರಕ್ಕೆ ಕಳಿಸಿದೆ,
ಒಂಬತ್ತಾಗುವ ತನಕ ಕಾಯದೆ.

ಸರಕು ಎಂಬ ಕಡೆ ಯಂತ್ರ
ತನ್ನ ರೂಢಿಯಂತೆ ಭತ್ತ ಎಂದು ಹೊಡೆದಿತ್ತು.
ತಿದ್ದಲಿಲ್ಲ.