ತೊಂಬತ್ತೊಂಬತ್ತು ಎಂದರೆ ಇಲ್ಲ

ಹಾಸನದ ಕಾಲೇಜಿನ ಹಿಂಬದಿಯ ಕೋಣೆ,
ಒಂದು ಕಾಲಕ್ಕೆ ಗೃಹವಿಜ್ಞಾನದವರ ಉಗ್ರಾಣ.
ಈಗ ಹದಿನಾಲ್ಕು ಕಂಪ್ಯೂಟರು, ಎದ್ದು ಕೂರುವುದು ಒಂಬತ್ತು.
ಗೋಡೆಯಲ್ಲಿ ಇನ್ನೂ ಇದೆ ಹಳೆಯ ಚಿತ್ರಪಟ:
ರಕ್ತಕ್ಕೆ ನುಗ್ಗೆಸೊಪ್ಪು, ಕಣ್ಣಿಗೆ ಕ್ಯಾರೆಟ್ಟು.
ತಂತ್ರಾಂಶದ ಉಚಿತ ಅವಧಿ ಮುಗಿಯಲು ಆರೇ ದಿನ,
ಅಷ್ಟರಲ್ಲಿ ಮನಸ್ಸನ್ನು ಅಳೆದು ಮುಗಿಸಬೇಕು.

"ಮೇಡಂ, ಸರಾಸರಿ ವಯಸ್ಸು ನಲವತ್ತೊಂದು ಬಂತು"
ಎಂದ ದುದ್ದದ ಯೋಗಾನಂದ, ಹೆಮ್ಮೆಯಿಂದ.
ಗಾರ್ಮೆಂಟ್ಸ್ ಗೇಟಿನಲ್ಲಿ ನಾನು ಕಂಡವರೆಲ್ಲ
ಇಪ್ಪತ್ತೈದು ಮೂವತ್ತರ ಹೆಂಗಸರು.
ಕಾಲಂ ಉದ್ದಕ್ಕೂ ಇಳಿದು ನೋಡಿದರೆ
ಹನ್ನೊಂದು ಮಂದಿಗೆ ತೊಂಬತ್ತೊಂಬತ್ತು ವರ್ಷ!
ಮಿಷನ್ನಿನ ಮುಂದೆ ಕೂತು ಕಾಲರು ಹೊಲಿಯುತ್ತಿದ್ದಾರೆ.

ನಕ್ಕೆವು. ಆಮೇಲೆ ಹೇಳಿಕೊಟ್ಟೆ:
ಉತ್ತರ ಬಾರದ ಕಡೆ ನಾವೇ ಇಟ್ಟ ಗುರುತು ಅದು,
ತೊಂಬತ್ತೊಂಬತ್ತು ಎಂದರೆ ಇಲ್ಲ, ಹೇಳಲಿಲ್ಲ, ಬಿಟ್ಟರು.
ಯಂತ್ರಕ್ಕೆ ಮೊದಲೇ ತಿಳಿಸಿಡಬೇಕು,
ಇಲ್ಲದಿದ್ದರೆ ಅದು ಮೌನವನ್ನೂ ಕೂಡಿಸಿಬಿಡುತ್ತದೆ,
ಕೂಡಿಸಿ, ಭಾಗಿಸಿ, ಎರಡು ದಶಮಾಂಶಕ್ಕೆ ಸರಿಮಾಡಿ
ಎಲ್ಲರ ತಲೆಗೂ ಹಂಚುತ್ತದೆ.

ದಾಕ್ಷಾಯಿಣಿಗೆ ಹದಿನೇಳನೇ ಪ್ರಶ್ನೆಯ ತಕರಾರು.
'ಕೆಲಸ ಬಿಟ್ಟ ಮೇಲೆ ಮನೆಗೆ ಹೋಗಲು ಮನಸ್ಸಾಗುವುದಿಲ್ಲ':
ಖಂಡಿತ ಇಲ್ಲ, ಒಂದು. ಖಂಡಿತ ಹೌದು, ಐದು.
ನಡುವೆ ಮೂರು, ಯಾರಿಗೂ ನೋವಾಗದ ಮೂರು.
ಇಪ್ಪತ್ಮೂರನೆಯಾಕೆ ಯಾವುದಕ್ಕೂ ಸುತ್ತು ಹಾಕದೆ
ಅಂಚಿನಲ್ಲಿ ಬರೆದಿದ್ದಾಳೆ: ಸಂಬಳದ ದಿವ್ಸ ಮಾತ್ರ.

ಆ ಚೌಕ ಅಕ್ಷರವನ್ನು ಒಲ್ಲದು,
ಒತ್ತಿದಷ್ಟೂ ಟುಂಯ್ ಎನ್ನುತ್ತದೆ.
"ಐದು ಹಾಕ್ಲಾ? ಒಂದು ಹಾಕ್ಲಾ? ತಿಂಗಳಿಗೊಂದೇ ದಿನ,
ಮೂವತ್ತರಿಂದ ಭಾಗಿಸ್ಲಾ?"
ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷದಿಂದ ಪಾಠ ಮಾಡುತ್ತಿದ್ದೇನೆ.
"ತೊಂಬತ್ತೊಂಬತ್ತು ಹಾಕು" ಎಂದೆ.
ಹಾಕಿದಳು, ನನ್ನ ಮುಖ ನೋಡದೆ.

ಬೆಳಗಿನ ಪಾಳಿಯವರಿಗೋ ಮಧ್ಯಾಹ್ನದವರಿಗೋ ಒತ್ತಡ ಹೆಚ್ಚು?
ಪರೀಕ್ಷಿಸುವ ಮುನ್ನ ಷರತ್ತುಗಳು. ಬೋರ್ಡಿನಲ್ಲಿ ಬರೆದೆ:
ಒಬ್ಬರ ಉತ್ತರ ಇನ್ನೊಬ್ಬರದನ್ನು ಮುಟ್ಟಿರಬಾರದು.
ಫರ್ಹೀನ್ ಕೈಯೆತ್ತಿದಳು. ಅರ್ಧ ಹಾಳೆ ತುಂಬಿಸಿ ತಂದವಳು ಅವಳೇ.
"ಅಲ್ಲಿ ಮೇಜಿರ್ಲಿಲ್ಲ ಮೇಡಂ. ವ್ಯಾನು ಹಾರನ್ ಹೊಡೀತಿತ್ತು.
ಒಬ್ಬರ ಬೆನ್ನ ಮೇಲೆ ಒಬ್ಬರು ಹಾಳೆ ಇಟ್ಕೊಂಡು ಬರೆದ್ರು.
ಬಗ್ಗಿದವರು ಕೇಳೋರು, ನೀನೇನ್ ಹಾಕ್ದೇ, ನಂಗೂ ಅದೇ ಹಾಕು,
ಕಚಗುಳಿ ಆಗುತ್ತೆ ಕಣೇ, ಬೇಗ ಬರಿ ಅಂತ."

ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದೆ.
ಪೆನ್ನು ಅಲ್ಲಲ್ಲಿ ತೂತು ಮಾಡಿದೆ,
ಸುತ್ತುಗಳೆಲ್ಲ ಸೊಟ್ಟ,
ಬೆನ್ನುಮೂಳೆ ಇದ್ದಲ್ಲಿ ಗೆರೆ ಸಣ್ಣಗೆ ಜಿಗಿದಿದೆ.
ಮೆನುವಿನಲ್ಲಿ ಇದಕ್ಕೆ ಜಾಗವಿಲ್ಲ.

ಆದರೂ ಗುಂಡಿ ಒತ್ತಿದೆವು.
ಸೊನ್ನೆ ಬಿಂದು ಸೊನ್ನೆ ಆರು ಒಂದು.
ದಾಟಬೇಕಾದ ಹೊಸ್ತಿಲು ಸೊನ್ನೆ ಬಿಂದು ಸೊನ್ನೆ ಐದು.
"ಅಂದ್ರೆ ವ್ಯತ್ಯಾಸಾನೇ ಇಲ್ಲ ಅಂತಾನಾ?"
ಇಲ್ಲ ಅಂತಲ್ಲ ಕಣಪ್ಪ, ಇದೆ ಅನ್ನೋಕೆ ನಮ್ಮ ಸಾಕ್ಷಿ ಸಾಲದು.
ಯೋಗಾನಂದ ದನಿ ತಗ್ಗಿಸಿದ:
"ಒಬ್ಬರನ್ನ ತೆಗೆದ್ರೆ ಬರುತ್ತೆ ಮೇಡಂ. ನಲವತ್ತನೇ ಸಾಲು."
ಒಂದು ಗಳಿಗೆ ನಾನೂ ಆ ಸಾಲನ್ನು ನೋಡಿದೆ.
ವಯಸ್ಸು ಇಪ್ಪತ್ನಾಲ್ಕು, ಮಕ್ಕಳು ಎರಡು,
ಒತ್ತಡವೇ ಇಲ್ಲ, ಎಲ್ಲಕ್ಕೂ ಒಂದು, ಒಂದು, ಒಂದು.
ಇರಲಿ ಬಿಡು ಆಕೆ, ಎಂದೆ.

ಮೇ ತಿಂಗಳಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದವರು
ಕನ್ನಡಕ ಏರಿಸಿ ಕೋಷ್ಟಕ ಮೂರರ ಮೇಲೆ ಬೆರಳಿಟ್ಟರು:
"ಒಟ್ಟು ಅರವತ್ತೆರಡು ಜನ. ಹದಿನೇಳನೆಯದಕ್ಕೆ ಅರವತ್ತೊಂದು.
ಒಬ್ಬರು ಉತ್ತರ ಕೊಡಲಿಲ್ಲವೇನಮ್ಮಾ?"
"ಕೊಟ್ಟಿದಾರೆ ಸರ್" ಎಂದಳು ದಾಕ್ಷಾಯಿಣಿ,
"ನಮಗೆ ಹಾಕೋಕೆ ಬರಲಿಲ್ಲ."