ಕಾರಣ, ಒಂದೇ ಸಾಲಿನಲ್ಲಿ

ಅರ್ಜಿಯಲ್ಲಿ ಹೆಸರಿಗೆ ಇಪ್ಪತ್ತನಾಲ್ಕು ಮನೆ.
ಶಮಿತಾ ವಿಠೋಬ ತಾಂಡೇಲ. ಸಿವಿಲ್. ಮೂರನೇ ಸೆಮಿಸ್ಟರ್.
ತಂದೆಯ ಉದ್ಯೋಗಕ್ಕೊಂದು ಗೆರೆ, ಆದಾಯಕ್ಕೊಂದು,
ಕೊನೆಗೆ, ಕೋರ್ಸು ಬಿಡಲು ಕಾರಣ:
ಅದಕ್ಕೆ ಎರಡು ಬೆರಳು ಜಾಗ.
'ಎಲ್ಲರೂ ವೈಯಕ್ತಿಕ ಅಂತ ಬರೀತಾರೆ,' ಕಿಟಕಿಯೊಳಗಿನ ಗುಮಾಸ್ತರು,
'ನೀನೂ ಬರಿ. ಶನಿವಾರ ಒಂದು ಗಂಟೆಗೆ ಮುಚ್ಚುತ್ತೇವೆ.'

ಮಾಜಾಳಿಯಿಂದ ಬಸ್ಸು ಕಾಳಿ ಹೊಳೆಗೆ ಬಂತು.
ಹಳೇ ಸೇತುವೆ ಯಾಕೆ ಬಿತ್ತು ಎಂಬ ಪಾಠದ ದಿನ
ನಮ್ಮ ಕ್ಲಾಸಿನಲ್ಲಿ ಒಬ್ಬರೂ ತೂಕಡಿಸಲಿಲ್ಲ.
ಉಪ್ಪು, ಕಬ್ಬಿಣ, ತುಕ್ಕು, ಭಾರ,
ಬೋರ್ಡಿನ ತುಂಬ ಬಾಣ.
ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ:
'ಸರ್, ಕಂಬಕ್ಕೆ ಅಂಟಿಕೊಂಡಿದ್ದ ಕಲ್ವಾ ಏನಾದವು?'
'ಸಾರಿಗೆ ಬಿದ್ದವು,' ಹಿಂದಿನ ಬೆಂಚು.
ಸರ್ ಕೂಡ ನಕ್ಕರು, ಕೆಟ್ಟದಾಗಿ ಅಲ್ಲ.
ನಾನೂ ನಕ್ಕೆ. ಆದರೆ ಆ ರಾತ್ರಿ,
ನಲವತ್ತು ವರ್ಷ ಒಂದೇ ಜಾಗ ನಂಬಿ
ತಮ್ಮ ಬೆನ್ನ ಮೇಲೆ ಮಕ್ಕಳನ್ನು, ಅವುಗಳ ಮೇಲೆ ಮೊಮ್ಮಕ್ಕಳನ್ನು
ಕೂರಿಸಿಕೊಂಡವುಗಳ ಸಮಾಚಾರ
ಯಾವ ಪುಸ್ತಕದಲ್ಲಿದೆ ಎಂದು ಹುಡುಕಿದೆ.
ನಮ್ಮ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಇದೊಂದೇ ಆಗಿದ್ದರೆ ಹುಚ್ಚು ಅನ್ನಬಹುದಿತ್ತು.
ಸರ್ವೆ ಪ್ರಾಕ್ಟಿಕಲ್ಲು, ಬೀಚಿನಲ್ಲಿ,
ಮೂರು ಕಾಲಿನ ಮೇಲೆ ಹಳೇ ಡಂಪಿ ಲೆವೆಲ್.
ಅದರೊಳಗೆ ಲೋಕ ತಲೆಕೆಳಗು.
ಮೇಲೆ ಮರಳು, ಕೆಳಗೆ ಆಕಾಶ,
ಸ್ಟಾಫ್ ಹಿಡಿದ ರೀನಾ ಫರ್ನಾಂಡಿಸ್ ಬಾವಲಿಯ ಹಾಗೆ ನೇತಾಡುತ್ತ
'ಎಷ್ಟು ಬಂತೇ?' ಎಂದು ಕಿರುಚುತ್ತಿದ್ದಾಳೆ.
ನಾನು ಅವಳ ಹಿಮ್ಮಡಿಯ ಹತ್ತಿರ
ಮರಳಿನಿಂದ ಕಣ್ಣು ಹೊರಗಿಟ್ಟ ಏಡಿಮರಿಯನ್ನು ನೋಡುತ್ತಿದ್ದೆ.
ಒಂದು ಪಾಯಿಂಟ್ ಎರಡು... ಅಲ್ಲ, ಇನ್ನೊಮ್ಮೆ ಹಿಡಿ.
ಹನ್ನೊಂದು ಸಲ ಹಿಡಿದಳು, ಪಾಪ.

ಹಾಗಂತ ಸಿವಿಲ್ ಬರುವುದಿಲ್ಲವೆಂದಲ್ಲ.
ನೂರಕ್ಕೆ ಎಪ್ಪತ್ತೊಂದು. ಹಸಿ ಕಾಂಕ್ರೀಟಿನ ವಾಸನೆ ಇಷ್ಟ.
ಫೇಲಾಗಿದ್ದರೆ ಸುಲಭವಿತ್ತು,
ಕಾರಣ ಅಂಕಪಟ್ಟಿಯಲ್ಲೇ ಸಿಗುತ್ತಿತ್ತು.
ಮತ್ತೆ ಅಲ್ಲಿ ಹೋಗಿ ಪ್ರಾಣಿಶಾಸ್ತ್ರದ ಬೆಂಚಿನಲ್ಲಿ
ಕಲ್ವಾದ ಲ್ಯಾಟಿನ್ ಹೆಸರು ಬಾಯಿಪಾಠ ಮಾಡುವಾಗ
ಕಿಟಕಿಯಾಚೆ ಸೇತುವೆ ಕಂಡು
ಹೊಟ್ಟೆ ಕಿವುಚಿದರೆ?

'ಮೀನು ಓದಲಿಕ್ಕೆ ಕಾಲೇಜು ಯಾಕೆ ಗೋ,' ಅಮ್ಮ, ಬಂಗುಡೆ ಕೊಯ್ಯುತ್ತ,
'ನನ್ನ ಬುಟ್ಟಿ ಹೊತ್ತುಕೊಂಡು ಬಾ. ಫೀ ಇಲ್ಲ.'
ಸ್ವಲ್ಪ ಹೊತ್ತು ಬಿಟ್ಟು: 'ಕೆಲಸ ಸಿಗ್ತದಾ?'
ಗೊತ್ತಿಲ್ಲ ಅಂದೆ.
'ಸಿವಿಲ್ಲಿಗೆ?'
ಅದೂ ಗೊತ್ತಿಲ್ಲ.
ಕತ್ತಿ ನಿಂತಿತು. ಮತ್ತೆ ನಡೆಯಿತು.

ಬಾಬಾ ಬೈತಕೋಲದ ಐಸ್ ಫ್ಯಾಕ್ಟರಿಯಿಂದ ಬಂದು
ಮರಗಟ್ಟಿದ ಬೆರಳನ್ನು ಚಹಾದ ಲೋಟಕ್ಕೆ ಸುತ್ತಿ ಕೂತರು.
ಮೂರು ಸೆಮಿಸ್ಟರ್ ನೀರಾಯ್ತಲ್ಲ ಎಂದು ನಾನೇ ಅತ್ತೆ.
'ಫ್ಯಾಕ್ಟರಿಯಿಂದ ದೋಣಿ ಮುಟ್ಟುವಾಗ
ಗಡ್ಡೆಯಲ್ಲಿ ಒಂದು ಪಾಲು ಹೋಗ್ತದೆ.
ಅದನ್ನ ಯಾರೂ ನಷ್ಟಕ್ಕೆ ಬರೆಯೋದಿಲ್ಲ.
ಆದ್ರೆ ದಕ್ಕೆ ಮೇಲೆ ಇಟ್ಟುಕೊಂಡು
ಈ ದೋಣಿಗಾ, ಆ ದೋಣಿಗಾ ಅಂತ ನಿಂತ್ರೆ...'
ಮುಗಿಸಲಿಲ್ಲ.
ಸೊಸೈಟಿ ಸಾಲದ ಪುಸ್ತಕ ತೆಗೆದು
ಇನ್ನೆಷ್ಟು ಕಂತು ಎಂದು ಬೆರಳು ಮಡಚಿದರು.
ಅದೂ ಒಂದು ಮಾತೇ.

ಇವತ್ತು ಶುಕ್ರವಾರ.
ಅರ್ಜಿ ಫೀಲ್ಡ್ ಬುಕ್ಕಿನೊಳಗಿದೆ.
ಬುಕ್ಕಿನ ಮೊದಲ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ನಿಯಮ:
ತಪ್ಪು ರೀಡಿಂಗನ್ನು ರಬ್ಬರಿನಿಂದ ಅಳಿಸಕೂಡದು.
ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವಂತೆ.
ಸರಿಯಾದದ್ದನ್ನು ಮೇಲೆ ಬರೆಯಬೇಕು.

ಎರಡು ಬೆರಳು ಜಾಗದಲ್ಲಿ 'ಕಲ್ವಾ' ಎಂದು ಬರೆದೆ.
ಗುಮಾಸ್ತರ ಮುಖ ನೆನಪಾಯಿತು.
ಒಂದೇ ಗೆರೆ ಎಳೆದು
ಮೇಲೆ ಸಣ್ಣಕ್ಷರದಲ್ಲಿ 'ವೈಯಕ್ತಿಕ'.
ಕೆಳಗಿನದು ಈಗಲೂ ಓದಲು ಬರುತ್ತದೆ.

ಸಹಿ ಬಾಕಿ ಇದೆ.